ಬಣ್ಣದ ಕೆಳಗಿನ ಬೂದಿ

ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚೆ ನಾವು ಕ್ರೈಸ್ತರು ಆಚರಿಸುವ ನಲವತ್ತು ದಿನಗಳ ತಪಸ್ಸುಕಾಲ, ಹಣೆಗೆ ಬೂದಿ ಇಡುವ ಬೂದಿ ಬುಧವಾರದಿಂದ ಶುರುವಾಗುತ್ತದೆ. ಆ ದಿನದ ಬಲಿಪೂಜೆಯಲ್ಲಿ ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯವನ್ನು ಓದುತ್ತಾರೆ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ, ನಿಮ್ಮ ಉಪವಾಸ ಜನರಿಗೆ ಕಾಣದಿರಲಿ ಎಂದು ಯೇಸುಸ್ವಾಮಿ ಹೇಳುವ ಭಾಗವದು. ಆ ಮಾತನ್ನು ಅಕ್ಷರಶಃ ಪಾಲಿಸುವವರೊಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ಅವರು ನನ್ನ ಸೋದರಮಾವ. ಹೊನ್ನಾವರದ ಕಡೆಯವರು, ನಾಟಕ ಕಂಪನಿಯೊಂದರಲ್ಲಿ ಹಾಸ್ಯಪಾತ್ರ ಮಾಡುತ್ತಾರೆ. ಹೆಸರು ಬರೆದರೆ ಅವರಿಗೆ ಹಿಡಿಸುವುದಿಲ್ಲ, ಬರೆಯುವುದಿಲ್ಲ.

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಫಾಲ್ಗುಣದಲ್ಲಿ ಬರುತ್ತದೆ. ಹಾಗಾಗಿ ಅದು ಬಹುಮಟ್ಟಿಗೆ ನಮ್ಮ ತಪಸ್ಸುಕಾಲದೊಳಗೇ ಬೀಳುತ್ತದೆ. 2024ರಲ್ಲಿ ಮಾರ್ಚ್ 19ರಿಂದ 27ರವರೆಗೆ ಜಾತ್ರೆ. ನಡುವೆ 24ಕ್ಕೆ, ಪಾಸ್ಖಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರ. ಬಿಡಕಿ ಬಯಲಿನ ಗದ್ದುಗೆಯಲ್ಲಿ ದೇವಿ ಕುಳಿತಿರುವ ಆ ದಿನಗಳಲ್ಲಿ ಊರಿಗೆ ಊರೇ ನಿದ್ದೆ ಮಾಡುವುದಿಲ್ಲ. ನಾಟಕದವರಿಗೆ ಇದು ದುಡಿಮೆಯ ಕಾಲ. ಇಗರ್ಜಿಯಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ ನಡೆಯುವಾಗ ಮಾವ ತಗಡಿನ ಥಿಯೇಟರಿನಲ್ಲಿ ಜನರನ್ನು ನಗಿಸುತ್ತಿರುತ್ತಾರೆ.

ಆ ಜಾತ್ರೆಯಲ್ಲಿ ಒಂದು ಸಂಜೆ ಪರದೆಯ ಹಿಂದೆ ಅವರ ಪಕ್ಕದಲ್ಲಿ ಕುಳಿತಿದ್ದೆ. ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಹಣೆ, ಕೆನ್ನೆ, ಕಿವಿಯ ಹಿಂದಿನವರೆಗೂ ತಿಕ್ಕಿದರು. ಆಮೇಲೆ ಸಫೇದು ಎಂಬ ಬಿಳಿ ಬಣ್ಣ, ಮೂಗಿನ ತುದಿಗೆ ಕೆಂಪು. ಬಣ್ಣದ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಹಿತ್ತಾಳೆಯ ಚಿಕ್ಕ ಶಿಲುಬೆಯನ್ನು ದಾರದಿಂದ ಕಟ್ಟಿದ್ದರು. ಮುಚ್ಚಳ ತೆರೆದರೆ ಅದು ಅವರ ಕಣ್ಣಿಗೆ ನೇರವಾಗಿರುತ್ತದೆ, ಎದುರು ನಿಂತವರಿಗೆ ಕಾಣುವುದಿಲ್ಲ. ಬೂದಿ ಬುಧವಾರ ಬೆಳಿಗ್ಗೆ ಹಣೆಗೆ ಬಿದ್ದ ಬೂದಿಯನ್ನು ಸಂಜೆಯವರೆಗೆ ಒರೆಸದೆ, ಅದರ ಮೇಲೆಯೇ ಬಣ್ಣ ಹಚ್ಚಿಕೊಂಡಿದ್ದೆ ಎಂದು ಆಗಲೇ ಹೇಳಿದರು. ನಾಟಕದ ಮೊದಲು ದೇವರನ್ನು ಸ್ತುತಿಸುವ ನಾಂದಿ ಶುರುವಾಯಿತು. ಎದ್ದು ಕೈಮುಗಿದು ನಿಂತರು. ಬೇರೆಯವರ ದೇವರಿಗೆ ಹೇಗೆ ನಿಲ್ಲುತ್ತೀರಿ ಎಂದು ಕೇಳುವವರು ನಮ್ಮಲ್ಲಿದ್ದಾರೆ. ಅನ್ನ ಕೊಡುವ ರಂಗಕ್ಕೂ, ಜೊತೆಯವರ ಭಕ್ತಿಗೂ ಗೌರವ ತೋರಿದರೆ ನಂಬಿಕೆ ಕುಂದುತ್ತದೆ ಎಂದು ನನಗೆ ಅನಿಸುವುದಿಲ್ಲ.

ಒಪ್ಪೊತ್ತಿನ ಊಟ, ಮೀನು ಮಾಂಸ ಬಿಡುವುದು ಇವೆಲ್ಲ ಇದ್ದದ್ದೇ. ಅವರ ನಿಜವಾದ ವ್ರತ ಬೇರೆ. ತಪಸ್ಸುಕಾಲದ ನಲವತ್ತು ದಿನ ಅವರು ದ್ವಂದ್ವಾರ್ಥದ ಮಾತು ಆಡುವುದಿಲ್ಲ. ಕಂಪನಿ ನಾಟಕ ನೋಡಿದವರಿಗೆ ಇದರ ಕಷ್ಟ ಗೊತ್ತು. ಹಿಂದಿನ ಸಾಲಿನ ಶಿಳ್ಳೆ ಬೀಳುವುದೇ ಅಂಥ ಮಾತಿಗೆ, ಹಾಸ್ಯಗಾರನ ಬೆಲೆ ಕಟ್ಟುವುದೂ ಅದರಿಂದಲೇ. ಆ ಜಾಗಗಳಲ್ಲಿ ಅವರು ಬೇರೇನನ್ನಾದರೂ ಹುಡುಕುತ್ತಾರೆ: ಎಡವಿ ಬೀಳುವುದು, ಧೋತರದ ಚುಂಗು ಬಾಗಿಲಿಗೆ ಸಿಕ್ಕಿಕೊಳ್ಳುವುದು, ಮಾತು ಮರೆತ ಶ್ಯಾನುಭೋಗನಂತೆ ಸುಮ್ಮನೆ ನಿಲ್ಲುವುದು. ಅಂದು ಥಿಯೇಟರ್ ಬಿದ್ದುಬಿದ್ದು ನಕ್ಕಿತು. ಏನೋ ಬಿಟ್ಟುಹೋಗಿದೆ ಎಂದು ಯಾರಿಗೂ ಅನಿಸಲಿಲ್ಲ, ಕಂಪನಿಯ ಮಾಲೀಕರಿಗೂ ಸಹ. ಉಪವಾಸವೆಂದರೆ ಇದಕ್ಕಿಂತ ಗುಟ್ಟಾಗಿ ಹೇಗಿರಲು ಸಾಧ್ಯ?

ನಟರ ಪಾಲಕ ಸಂತ ಜೆನೆಸಿಯಸ್ ಕೂಡ ರೋಮಿನ ಹಾಸ್ಯನಟ. ಚಕ್ರವರ್ತಿ ಡಯೋಕ್ಲೀಷಿಯನ್ ಎದುರು ದೀಕ್ಷಾಸ್ನಾನವನ್ನು ಗೇಲಿ ಮಾಡುವ ಪ್ರಹಸನ ಆಡುತ್ತಿದ್ದಾಗ ಅವನಲ್ಲಿ ನಿಜವಾಗಿಯೇ ವಿಶ್ವಾಸ ಹುಟ್ಟಿತು, ಅದನ್ನು ರಂಗದ ಮೇಲೆಯೇ ಸಾರಿ ಪ್ರಾಣ ಕೊಟ್ಟ ಎಂದು ಪರಂಪರೆ ಹೇಳುತ್ತದೆ. ಆಗಸ್ಟ್ 25 ಅವನ ಹಬ್ಬ. ಅವನ ವಿಷಯ ತೆಗೆದಾಗ ಮಾವ ಹೇಳಿದರು: "ಅವನು ಆಟ ನಿಲ್ಲಿಸಿ ಸಾಕ್ಷಿ ನುಡಿಯಬೇಕಾಯಿತು. ನನಗೆ ದೇವರು ಆಟ ಮುಂದುವರಿಸು ಎಂದಿದ್ದಾನೆ." ನನ್ನ ಮಟ್ಟಿಗೆ ಎರಡನೆಯದು ಸಣ್ಣ ಸಾಕ್ಷಿಯಲ್ಲ. ಈಗ ಅಳುವವರೇ, ನೀವು ಧನ್ಯರು, ನೀವು ನಗುವಿರಿ ಎಂಬ ಲೂಕನ ಶುಭಸಂದೇಶದ ಮಾತನ್ನು ಪ್ರವಚನದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ತೋಟದ ಕೆಲಸ ಮುಗಿಸಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ಕಣ್ಣೀರು ಬರುವಂತೆ ನಗುತ್ತಿದ್ದವರನ್ನು ಪರದೆಯ ಸಂದಿಯಿಂದ ನೋಡಿದಾಗ ಆ ಮಾತು ಮೊದಲ ಬಾರಿಗೆ ನನಗೆ ತಟ್ಟಿತು.

ಗರಿಗಳ ಭಾನುವಾರ, ಹಿಂದಿನ ರಾತ್ರಿಯಾಟ ಮುಗಿಸಿದ ಮಾವ ನಿದ್ದೆಗೆಟ್ಟೇ ಬೆಳಗಿನ ಪೂಜೆಗೆ ಬಂದರು. ಕಿವಿಯ ಹಿಂದೆ ಸಫೇದು ಉಳಿದಿತ್ತು. ಪಾಸ್ಖ ಹಬ್ಬ ಕಳೆದ ಮೇಲೆ, ಬಿಟ್ಟ ಮಾತುಗಳೆಲ್ಲ ನಾಟಕಕ್ಕೆ ವಾಪಸು ಬಂದವೇ ಎಂದು ಫೋನಿನಲ್ಲಿ ಕೇಳಿದೆ. ಕೆಲವು ಬಂದಿವೆಯಂತೆ. ಬಾಗಿಲಿಗೆ ಚುಂಗು ಸಿಕ್ಕಿಕೊಳ್ಳುವಲ್ಲಿ ಮಾತ್ರ ಹಳೆಯ ಮಾತು ಬೇಕಿಲ್ಲ, ಇದೇ ಚೆನ್ನಾಗಿದೆ ಎಂದರು.