ಅಪ್ಪನ ಮಾರುತಿಗೆ ಹೊಳಪಿಲ್ಲದ ಕಪ್ಪು

ಜನವರಿ, ಸಂಕ್ರಾಂತಿ ಕಳೆದ ಭಾನುವಾರ

ಇವತ್ತು ಕೊಟ್ಟಿಗೆ ಖಾಲಿ ಮಾಡಿದೆ. ದನ ಕಟ್ಟುವುದು ನಿಂತು ಹತ್ತು ವರ್ಷವಾಯಿತು, ಬರೀ ಸೌದೆ ಮತ್ತು ತೆಂಗಿನ ಗರಿ ತುಂಬಿಕೊಂಡಿದ್ದವು. ಎಲ್ಲ ಹೊರಗೆ ಹಾಕಿ, ಗುಡಿಸಿ, ಅಪ್ಪನ ಮಾರುತಿ 800 ಕಾರನ್ನು ಒಳಗೆ ತಂದು ನಿಲ್ಲಿಸಿದ್ದೇನೆ. 1994ರ ಕಾರು, ಹಾಸನದ ಕೆಎ-13 ನಂಬರ್. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಈಗಲೂ ಕೀಲಿ ತಿರುಗಿಸಿದ ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತದೆ. ಹಾಳಾಗಿರುವುದು ಮೈ ಮಾತ್ರ. ಬಾನೆಟ್ ಮೇಲೆ ಕೈ ಸವರಿದರೆ ಸುಣ್ಣದ ಗೋಡೆ ಮುಟ್ಟಿದ ಹಾಗೆ ಅಂಗೈಗೆ ಬಿಳಿ ಪುಡಿ ಅಂಟುತ್ತದೆ.

ಪೂರ್ತಿ ಬಣ್ಣಕ್ಕೆ ಪೇಂಟಿಂಗ್ ಶೆಡ್‌ಗಳಲ್ಲಿ 35 ಸಾವಿರದಿಂದ ಮೇಲೆ ಕೇಳಿದರು. ವಿನೈಲ್ ಹಾಳೆ ಅಂಟಿಸುವವರು ಅದಕ್ಕಿಂತ ಜಾಸ್ತಿ ಹೇಳಿದರು. ನನ್ನ ಕೈಯಲ್ಲಿರುವುದು 15 ಸಾವಿರ, ಮತ್ತೆ ಭಾನುವಾರಗಳು. ಹಾಗಾಗಿ ಬಣ್ಣ ನಾನೇ ಹೊಡೆಯುವುದು ಎಂದು ತೀರ್ಮಾನಿಸಿದೆ.

ಮ್ಯಾಟ್ ಬ್ಲ್ಯಾಕ್, ಅಂದರೆ ಹೊಳಪಿಲ್ಲದ ಕಪ್ಪು, ಯಾಕೆ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ಒಂದು ಕಾರಣ, ಈ ತಗಡು ಮೂವತ್ತು ವರ್ಷದಲ್ಲಿ ಎಷ್ಟೋ ಸಲ ತಗ್ಗಿ ಎದ್ದಿದೆ. ಹೊಳೆಯುವ ಕಪ್ಪು ಹೊಡೆದರೆ ಒಂದೊಂದು ಅಂಕುಡೊಂಕೂ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತದೆ. ಹೊಳಪಿಲ್ಲದ ಬಣ್ಣದಲ್ಲಿ ಪ್ರತಿಬಿಂಬವೇ ಮೂಡುವುದಿಲ್ಲ, ಹಾಗಾಗಿ ಅಲೆ ಕಾಣುವುದಿಲ್ಲ. ಇನ್ನೊಂದು ಕಾರಣ, ಚಿಕ್ಕಂದಿನಿಂದ ನನಗೆ ಹಳೇ ರ್‍ಯಾಲಿ ಕಾರುಗಳ ಹುಚ್ಚು. ಬಿಸಿಲು ಬಾನೆಟ್ ಮೇಲಿಂದ ಚಿಮ್ಮಿ ಡ್ರೈವರ್ ಕಣ್ಣಿಗೆ ಹೊಡೆಯಬಾರದು ಎಂದು ಅವುಗಳ ಬಾನೆಟ್ಟಿಗೆ ಇದೇ ಕಪ್ಪು ಹೊಡೆಯುತ್ತಿದ್ದರು. 1971ರ ಈಸ್ಟ್ ಆಫ್ರಿಕನ್ ಸಫಾರಿ ರ್‍ಯಾಲಿ ಗೆದ್ದ ಡಾಟ್ಸನ್ 240ಝಡ್ ಫೋಟೋ ನೋಡಿ. ಕೆಂಪು ಮೈ, ಕಪ್ಪು ಬಾನೆಟ್. ಕಣ್ಣು ಕೀಳಲು ಆಗುವುದಿಲ್ಲ.

ಅಪ್ಪ ಜಗುಲಿಯಿಂದಲೇ ಕೇಳಿದರು, "ಬಿಳಿ ಚೆನ್ನಾಗಿರಲಿಲ್ವೇನೋ?" ಚೆನ್ನಾಗಿತ್ತು. ಅದನ್ನೇ ಮತ್ತೆ ತರುವಷ್ಟು ದುಡ್ಡಿಲ್ಲ, ಅಷ್ಟೆ.

ಜನವರಿ ಕೊನೆ

ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಹಿಡಿಯುವ ಮೊದಲು ಆರ್.ಟಿ.ಒ. ಕಚೇರಿಗೆ ಹೋಗಿ ಬಂದೆ. ಆರ್.ಸಿ.ಯಲ್ಲಿ ಬಣ್ಣ ಬಿಳಿ ಎಂದಿದೆ. ಅದನ್ನು ಬದಲಾಯಿಸಿಕೊಳ್ಳದೆ ಕಪ್ಪು ಕಾರು ರಸ್ತೆಗೆ ತಂದರೆ ತೊಂದರೆ. ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು. ಅಕ್ಕನ ಮಗ "ಮಾಮ, ಮಿಲಿಟರಿ ಹಸಿರು ಹೊಡಿ" ಎಂದು ಹಿಂದೆ ಬಿದ್ದಿದ್ದ. ಅದು ಆಗುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ.

ಬಂಪರ್, ಲೈಟು, ಡೋರ್ ಹ್ಯಾಂಡಲ್, ಬೀಡಿಂಗ್ ಎಲ್ಲ ಬಿಚ್ಚಿದೆ. ಸ್ಕ್ರೂಗಳನ್ನು ಹಳೇ ಉಪ್ಪಿನಕಾಯಿ ಬಾಟಲಿಗಳಿಗೆ ಹಾಕಿ ಚೀಟಿ ಅಂಟಿಸಿದ್ದೇನೆ.

ಇವತ್ತು ಕಂಡದ್ದರಲ್ಲಿ ಒಂದನ್ನು ಹೇಳಲೇಬೇಕು. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ನಮ್ಮ ಕಾರಿನಲ್ಲಿ ಅವು ಪೂರ್ತಿ ಮುಚ್ಚಿಹೋಗಿದ್ದವು. ತೆಂಗಿನ ಕಡ್ಡಿ ತಗೊಂಡು ಒಂದಕ್ಕೆ ಚುಚ್ಚಿದೆ. ಮೊದಲು ಏನೂ ಇಲ್ಲ. ಕಡ್ಡಿ ತಿರುಗಿಸಿದಾಗ ಒಂದು ಹೆಂಟೆ ಮಣ್ಣು ಬಿತ್ತು, ಅದರ ಹಿಂದೆಯೇ ಕೆಂಪು ನೀರು ದಳದಳ ಸುರಿಯಿತು. ಅರ್ಧ ಲೋಟದಷ್ಟು. ಕಳೆದ ಮಳೆಗಾಲದ ನೀರು ಇನ್ನೂ ಬಾಗಿಲ ಹೊಟ್ಟೆಯಲ್ಲೇ ಇತ್ತು. ಇದನ್ನು ಬಿಡಿಸದೆ ಮೇಲೆ ಎಷ್ಟು ಚಂದ ಬಣ್ಣ ಹೊಡೆದರೂ ಒಂದೇ ವರ್ಷದಲ್ಲಿ ಒಳಗಿನಿಂದ ತುಕ್ಕು ಗುಳ್ಳೆ ಏಳುತ್ತದೆ. ನಿಮ್ಮ ಹತ್ತಿರ ಹಳೇ ಕಾರಿದ್ದರೆ, ಬಣ್ಣ ಹೊಡೆಯಿರಿ ಬಿಡಿ, ಇವತ್ತೇ ಆ ತೂತು ನೋಡಿ.

ಫೆಬ್ರವರಿ

ಎಡಗಡೆ ಫುಟ್‌ಬೋರ್ಡ್ ಮತ್ತು ಬ್ಯಾಟರಿ ಕೂರುವ ಜಾಗ ತುಕ್ಕು ತಿಂದು ತೂತಾಗಿದ್ದವು. ವೆಲ್ಡಿಂಗ್ ನನಗೆ ಬರುವುದಿಲ್ಲ. ಬಿ.ಎಂ. ರಸ್ತೆಯ ಟಿಂಕರಿಂಗ್ ಶೆಡ್ಡಿನಲ್ಲಿ ಹೊಸ ತಗಡು ಹಾಕಿಸಿದೆ. 2,500 ರೂಪಾಯಿ. ಅಲ್ಲಿನ ಪೇಂಟ್ ಮೇಸ್ತ್ರಿ ವಯಸ್ಸಾದವರು. ನಾನೇ ಬಣ್ಣ ಹೊಡೆಯುತ್ತೇನೆ ಎಂದಾಗ ಅವರು ನಗಲಿಲ್ಲ. "ಹೊಡೀರಿ ಸಾರ್. ಬಣ್ಣ ಒಂದಿನದ ಕೆಲಸ, ಉಜ್ಜೋದು ಒಂದು ತಿಂಗಳದ್ದು. ಮ್ಯಾಟ್ ಅಂದ್ರೆ ಆಮೇಲೆ ಕಾಂಪೌಂಡ್ ಹಾಕಿ ಸರಿ ಮಾಡೋಕಾಗಲ್ಲ, ತಿಳ್ಕೊಂಡಿರಿ" ಎಂದರು.

ಇದೇ ಇಡೀ ಕೆಲಸದ ಕೀಲಿ. ಹೊಳೆಯುವ ಬಣ್ಣದಲ್ಲಿ ಧೂಳು ಕೂತರೆ, ಬಣ್ಣ ಸೋರಿದರೆ, ನಯವಾದ ಪೇಪರಿನಲ್ಲಿ ಉಜ್ಜಿ, ಕಾಂಪೌಂಡ್ ಎಂಬ ಪಾಲಿಶ್ ಹಾಕಿ ತೆಗೆಯಬಹುದು. ಮ್ಯಾಟ್ ಬಣ್ಣವನ್ನು ಉಜ್ಜಿದ ಜಾಗ ಹೊಳೆಯತೊಡಗುತ್ತದೆ. ಮತ್ತೆ ಬಣ್ಣ ಹೊಡೆಯದೆ ಆ ಹೊಳಪನ್ನು ಕಳೆಯಲು ದಾರಿಯಿಲ್ಲ. ಹಾಗಾಗಿ ತಪ್ಪುಗಳನ್ನೆಲ್ಲ ಡಬ್ಬ ತೆರೆಯುವ ಮೊದಲೇ ಮುಗಿಸಿಕೊಳ್ಳಬೇಕು.

ನಾಲ್ಕು ಭಾನುವಾರ ಬರೀ ಪುಟ್ಟಿ ಹಾಕಿ ತಗ್ಗು ತುಂಬುವುದು, ಉಜ್ಜುವುದು, ತೊಳೆಯುವುದು. 180ರ ಪೇಪರಿನಲ್ಲಿ ಶುರು, ಆಮೇಲೆ 320; ನಂಬರ್ ಏರಿದಷ್ಟೂ ಪೇಪರ್ ನಯ. ಪೇಪರನ್ನು ಬೆರಳಲ್ಲಿ ಹಿಡಿದು ಉಜ್ಜಬೇಡಿ, ಬೆರಳಿನ ಸಾಲು ಬೀಳುತ್ತದೆ. ನಾನು ಒಂದು ಮರದ ತುಂಡಿಗೆ ಸುತ್ತಿಕೊಂಡೆ. ಕಣ್ಣಿಗಿಂತ ಅಂಗೈಯನ್ನು ನಂಬಿ. ಕಣ್ಣು ಮುಚ್ಚಿ ಬಾಗಿಲ ಮೇಲೆ ಉದ್ದಕ್ಕೆ ಕೈ ಎಳೆದರೆ ಸಣ್ಣ ಗುಂಡಿಯೂ ಗೊತ್ತಾಗುತ್ತದೆ.

ಮಾರ್ಚ್ ಎರಡನೇ ವಾರ

ಬಣ್ಣ ಚಿಮ್ಮಿಸುವ ಸ್ಪ್ರೇ ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಬಾಡಿಗೆಗೆ ತಂದೆ, ದಿನಕ್ಕೆ 500. ಗಾಜು, ಟೈರು, ಎಂಜಿನ್ ಎಲ್ಲದಕ್ಕೂ ಹಳೇ ಪೇಪರ್ ಮುಚ್ಚಿ ಮಾಸ್ಕಿಂಗ್ ಟೇಪ್ ಸುತ್ತಿದೆ. ಬೂದು ಬಣ್ಣದ ಪ್ರೈಮರ್ ಮೂರು ಕೋಟ್. ಒಣಗಿದ ಮೇಲೆ ಅದರ ಮೇಲೆ ಕಪ್ಪು ಬಣ್ಣವನ್ನು ತೀರಾ ತೆಳ್ಳಗೆ, ರಾಗಿ ಹಿಟ್ಟು ಉದುರಿಸಿದಂತೆ, ಚಿಮುಕಿಸಿದೆ. ಆಮೇಲೆ 400ರ ಪೇಪರಿನಲ್ಲಿ ಉಜ್ಜಿದರೆ ಎತ್ತರದ ಜಾಗದಲ್ಲಿ ಕಪ್ಪು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಕಣ್ಣಿಗೆ ಬೀಳದೆ ಇದ್ದ ಹನ್ನೊಂದು ತಗ್ಗುಗಳು ಹೀಗೆ ಸಿಕ್ಕವು. ಮತ್ತೆ ಪುಟ್ಟಿ, ಮತ್ತೆ ಪ್ರೈಮರ್. ಕೊನೆಗೆ 600.

ಬಣ್ಣಕ್ಕೆ ಎನ್.ಸಿ. (ನೈಟ್ರೋಸೆಲ್ಯುಲೋಸ್) ಮ್ಯಾಟ್ ಬ್ಲ್ಯಾಕ್ ಆರಿಸಿಕೊಂಡೆ. ಪಿ.ಯು. (ಪಾಲಿಯುರೆಥೇನ್) ಬಣ್ಣ ಇದಕ್ಕಿಂತ ಗಟ್ಟಿ, ಬಾಳಿಕೆಯೂ ಜಾಸ್ತಿ. ಆದರೆ ಅದನ್ನು ಗಟ್ಟಿ ಮಾಡಲು ಬೆರೆಸುವ ಹಾರ್ಡನರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಉಸಿರಿಗೆ ಹೋದರೆ ಶ್ವಾಸಕೋಶ ಹಾಳು. ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಇಲ್ಲದೆ ಮನೆಯ ಹಿಂದೆ ಅದನ್ನು ಹೊಡೆಯುವ ಧೈರ್ಯ ಮಾಡಬೇಡಿ. ಎನ್.ಸಿ.ಗೂ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕೇ ಬೇಕು, ಕರ್ಚೀಫ್ ಸಾಲದು.

ಗುಜರಿಯಿಂದ ತಂದ ಒಂದು ಹಳೇ ಬಾಗಿಲ ಮೇಲೆ ಮೊದಲು ಹೊಡೆದು ನೋಡಿದೆ. ಮೊದಲ ಸಲ ಬಣ್ಣ ಹೊಳೆಯಿತು! ಕಾರಣ ಡಬ್ಬದ ತಳದಲ್ಲಿತ್ತು. ಮ್ಯಾಟ್ ಬಣ್ಣದಲ್ಲಿ ಸಿಲಿಕಾದ ನುಣ್ಣನೆ ಪುಡಿ ಇರುತ್ತದೆ. ಬಣ್ಣ ಆರಿ ಕುಗ್ಗಿದಾಗ ಆ ಪುಡಿಯಿಂದ ಮೇಲ್ಭಾಗ ಕಣ್ಣಿಗೆ ಕಾಣದಷ್ಟು ಒರಟಾಗುತ್ತದೆ, ಬೆಳಕು ನಾಲ್ಕು ಕಡೆ ಚದುರಿ ಹೋಗುತ್ತದೆ. ನಾನು ಮೇಲೆ ಮೇಲೆ ಕಲಸಿ ಸುರಿದಿದ್ದೆ, ಪುಡಿಯೆಲ್ಲ ಕೆಳಗೇ ಕೂತಿತ್ತು. ಅಗಲ ಪಟ್ಟಿಯಿಂದ ತಳ ಕೆರೆದು ಹತ್ತು ನಿಮಿಷ ತಿರುವಿದ ಮೇಲೆ ಸರಿಯಾದ ಕಪ್ಪು ಬಂತು. ಇನ್ನೊಂದು ವಿಷಯ ಅದೇ ಬಾಗಿಲು ಕಲಿಸಿತು. ಗನ್ ಹತ್ತಿರ ಹಿಡಿದು ದಪ್ಪಗೆ ಹೊಡೆದ ಕಡೆ ಪಟ್ಟೆ ಪಟ್ಟೆಯಾಗಿ ಮಿನುಗು. ಒಂದು ಗೇಣು ದೂರ ಇಟ್ಟು ಒಂದೇ ವೇಗದಲ್ಲಿ ಹೋದ ಕಡೆ ಎಲ್ಲ ಒಂದೇ ಸಮ.

ಮಾರ್ಚ್ ಕೊನೆ

ಇವತ್ತಿನ ದಿನ ಕೈ ಕೊಟ್ಟಿತು. ಹಿಂದಿನ ರಾತ್ರಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಂದಿತ್ತು. ಸಕಲೇಶಪುರದ ಕಾಫಿ ತೋಟದ ಗೆಳೆಯರೆಲ್ಲ ಖುಷಿಯಲ್ಲಿ ಫೋನ್ ಮಾಡಿದ್ದರು. ಬೆಳಿಗ್ಗೆ ಬಿಸಿಲು ಬಂತು, ನಾನೂ ಶುರು ಮಾಡಿದೆ. ಸಾಲದ್ದಕ್ಕೆ ಧೂಳು ಏಳಬಾರದೆಂದು ಕೊಟ್ಟಿಗೆಯ ನೆಲಕ್ಕೆಲ್ಲ ನೀರು ಚಿಮುಕಿಸಿದೆ. ಮೊದಲ ಕೋಟ್ ಹೊಡೆದು ಐದು ನಿಮಿಷ ಆಗಿರಲಿಲ್ಲ, ಬಾನೆಟ್ ಮೇಲೆ ಬೂದಿ ಬಳಿದ ಹಾಗೆ ಬಿಳಿ ಮಂಜು ಹಿಡಿಯಿತು. ನೋಡನೋಡುತ್ತಾ ಅದು ಬಾಗಿಲಿಗೂ ಹಬ್ಬಿತು. ಎದೆ ಧಸಕ್ಕೆಂದಿತು.

ಮೇಸ್ತ್ರಿಗೆ ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು. "ಏನೂ ಆಗಿಲ್ಲ ಸಾರ್, ತಂಡಿ ಹಿಡಿದಿದೆ." ಥಿನ್ನರ್ ಆರುವಾಗ ತಗಡಿನ ಶಾಖ ಎಳೆದುಕೊಳ್ಳುತ್ತದೆ. ತಣ್ಣಗಾದ ಹಸಿ ಬಣ್ಣದ ಮೇಲೆ ಗಾಳಿಯ ತೇವ ಇಬ್ಬನಿಯಂತೆ ಕೂತು ಒಳಗೆ ಸಿಕ್ಕಿಕೊಳ್ಳುತ್ತದೆ. ಮಳೆಯ ತಂಡಿಗೆ ನನ್ನ ನೀರೂ ಸೇರಿತ್ತು. ಗಾಳಿ ಒಣಗುವ ತನಕ ಕಾಯಿರಿ, ಥಿನ್ನರಿಗೆ ಸ್ವಲ್ಪ ರಿಟಾರ್ಡರ್ ಸೇರಿಸಿ ಮೇಲೆ ಮತ್ತೆ ಹೊಡೆಯಿರಿ ಎಂದರು. ರಿಟಾರ್ಡರ್ ಹಾಕಿದರೆ ಬಣ್ಣ ನಿಧಾನ ಆರುತ್ತದೆ, ತೇವಕ್ಕೆ ಹೊರಗೆ ಹೋಗಲು ಸಮಯ ಸಿಗುತ್ತದೆ.

ಯುಗಾದಿಗೆ ಕಾರು ತಯಾರಾಗುತ್ತದೆ ಎಂದು ಅಮ್ಮನಿಗೆ ಹೇಳಿದ್ದೆ. ಆಗಲಿಲ್ಲ.

ಏಪ್ರಿಲ್, ಎರಡು ಭಾನುವಾರ

ಒಂದು ವಾರ ಒಣ ಬಿಸಿಲು. ಹಿಂದಿನ ಸಂಜೆಯೇ ನೆಲ ಒರೆಸಿ ಒಣಗಲು ಬಿಟ್ಟೆ. ಬೆಳಿಗ್ಗೆ ಹತ್ತಕ್ಕೆ, ಇಬ್ಬನಿ ಪೂರ್ತಿ ಆರಿದ ಮೇಲೆ, ಗನ್ ಹಿಡಿದೆ. ಬಿಳಿ ಮಂಜು ಹೊಸ ಕೋಟಿನಲ್ಲಿ ಕರಗಿ ಹೋಯಿತು. ಎನ್.ಸಿ. ಬಣ್ಣದ ದೊಡ್ಡ ಗುಣ ಇದು, ಹೊಸದು ಹಳೆಯದನ್ನು ಕರಗಿಸಿ ಒಂದಾಗುತ್ತದೆ.

ಕಷ್ಟವಾದದ್ದು ಟಾಪ್. 800 ಸಣ್ಣ ಕಾರಾದರೂ ಒಂದು ಕಡೆಯಿಂದ ಕೈ ಆಚೆ ತನಕ ಹೋಗುವುದಿಲ್ಲ. ಎರಡೂ ಕಡೆ ಅಂಚಿನಿಂದ ನಡುವಿಗೆ ಬಂದರೆ, ಎರಡನೇ ಸಲದ ಒಣ ತುಂತುರು ಮೊದಲ ಅರ್ಧದ ಮೇಲೆ ಬಿದ್ದು ಒರಟು ಪಟ್ಟಿ ಉಳಿಯುತ್ತದೆ. ಅದಕ್ಕೆ ಬಲಗಡೆ ಅಂಚಿನಿಂದ ನಡುವಿನ ತನಕ ಬಂದು, ಎಡಕ್ಕೆ ಓಡಿ, ನಡುವಿನಿಂದ ಎಡ ಅಂಚಿಗೆ ಇಳಿದೆ. ನಡುವಿನ ಬಣ್ಣ ಹಸಿಯಿರುವಾಗಲೇ ಅದರ ಮೇಲೆ ಹೋಗಬೇಕು. ಸ್ಟೂಲುಗಳನ್ನು ಎರಡೂ ಕಡೆ ಮೊದಲೇ ಇಟ್ಟಿದ್ದೆ, ಅಕ್ಕನ ಮಗ ಹೋಸ್ ಪೈಪ್ ಎತ್ತಿ ಹಿಡಿದಿದ್ದ.

ಕೊನೆಯ ಕೋಟ್ ಮುಗಿದಾಗ ಒಂದು ನೊಣ ಬಾನೆಟ್ ನಡುವೆ ಕೂತು ಕಾಲು ಸಿಕ್ಕಿಸಿಕೊಂಡಿತು. ಎತ್ತಿದರೂ ಗುರುತು ಉಳಿಯಿತು. ಆ ಚುಕ್ಕಿಗೆ ಮಾತ್ರ ಬಣ್ಣ ಮುಟ್ಟಿಸಿದರೆ ಎದ್ದು ಕಾಣುತ್ತದೆ. ಮುಂದಿನ ಭಾನುವಾರ ಇಡೀ ಬಾನೆಟ್ ಉಜ್ಜಿ, ಮತ್ತೆ ಕಂಪ್ರೆಸರ್ ತಂದು, ಇಡೀ ಬಾನೆಟ್ ಹೊಡೆದೆ. 500 ರೂಪಾಯಿ ಹೋಯಿತು, ಬೇಜಾರಿಲ್ಲ.

ಮೇ ಮೊದಲ ವಾರ

ಲೆಕ್ಕ ಕೂಡಿದೆ. ಟಿಂಕರಿಂಗ್ 2,500, ಬಣ್ಣ 2,400, ಪ್ರೈಮರ್ 1,800, ಥಿನ್ನರ್ ಮತ್ತು ರಿಟಾರ್ಡರ್ 2,000, ನಾಲ್ಕು ದಿನದ ಕಂಪ್ರೆಸರ್ 2,000, ಗನ್ 1,300, ಮಾಸ್ಕ್ 900, ವಾಟರ್ ಪೇಪರ್ 900, ಪುಟ್ಟಿ 700, ಟೇಪ್ 400. ಒಟ್ಟು 14,900.

ಇದು ಹತ್ತು ವರ್ಷ ಬಾಳುವ ಬಣ್ಣವಲ್ಲ. ಬಿಸಿಲಿಗೆ ಮಾಸುತ್ತದೆ, ಪೆಟ್ರೋಲ್ ಚೆಲ್ಲಿದರೆ ಕಲೆ ಉಳಿಯುತ್ತದೆ. ಅದಕ್ಕೆ ಪೆಟ್ರೋಲ್ ಮುಚ್ಚಳದ ಹತ್ತಿರ ಒಂದು ಬಟ್ಟೆ ಇಟ್ಟಿದ್ದೇನೆ. ವ್ಯಾಕ್ಸ್, ಪಾಲಿಶ್ ಯಾವುದೂ ಬೇಡ, ಬರೀ ಶಾಂಪೂ ನೀರು, ಮೆತ್ತನೆ ಬಟ್ಟೆ, ಒತ್ತದ ಕೈ.

ನಿನ್ನೆ ಸಂಜೆ ಮೊದಲ ಸಲ ಹೊರಗೆ ತಂದೆ. ಇಳಿಬಿಸಿಲು ಮೈ ಮೇಲೆ ಬಿದ್ದರೂ ಎಲ್ಲೂ ಚಿಮ್ಮಲಿಲ್ಲ, ಹಾಗೇ ಒಳಗೆ ಇಂಗಿತು. ಹೊಸದಾಗಿ ಎಣ್ಣೆ ಹಾಕಿ ಒರೆಸಿದ ರೊಟ್ಟಿ ಹಂಚಿನ ಕಪ್ಪಲ್ಲ, ತಣ್ಣಗಾದ ಇದ್ದಿಲ ಕಪ್ಪು. ನನಗೆ ಬೇಕಿದ್ದದ್ದು ಅದೇ. ಅಮ್ಮ ಆರತಿ ತಟ್ಟೆ ತಂದರು. ಬಾನೆಟ್ಟಿಗೆ ಕುಂಕುಮ ಹಚ್ಚಿದರೆ ಈ ಒರಟಿನಲ್ಲಿ ಇಳಿದುಬಿಡುತ್ತದೆ ಎಂದು ಹೇಳಿದೆ. "ಸರಿ ಬಿಡಪ್ಪ" ಎಂದು ಮುಂದಿನ ಗಾಜಿನ ಮೇಲೆ ಇಟ್ಟರು. ಅಪ್ಪ ಕಾರಿನ ಸುತ್ತ ಎರಡು ಸುತ್ತು ಬಂದರು, ಬಾಗಿಲ ಅಂಚಿಗೆ ಬಗ್ಗಿ ಆ ತೂತುಗಳನ್ನು ನೋಡಿದರು, ಆಮೇಲೆ ಬೀಗದ ಕೈ ಕೇಳಿದರು.

ಗುರುವಾರ ಆರ್.ಟಿ.ಒ.ಗೆ ಕಾರು ತೋರಿಸಬೇಕು. ಬಂಪರ್‌ಗಳು ಇನ್ನೂ ಕೊಟ್ಟಿಗೆಯಲ್ಲೇ ಇವೆ. ಅವುಗಳ ಪ್ಲಾಸ್ಟಿಕ್ಕಿಗೆ ಬೇರೆ ಪ್ರೈಮರ್ ಬೇಕಂತೆ, ಮೇಸ್ತ್ರಿ ಭಾನುವಾರ ತಾವೇ ಬಂದು ತೋರಿಸುತ್ತೇನೆ ಎಂದಿದ್ದಾರೆ.