ಗೋಡೆ ಮುಟ್ಟದ ತುದಿ

ಬೆನ್ನಿಗೆ ಅರಿವಳಿಕೆಯ ಚುಚ್ಚುಮದ್ದು ಕೊಟ್ಟು, ಸೊಂಟದ ಕೆಳಗೆ ಏನೂ ತಿಳಿಯುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಡಾಕ್ಟರು ನನ್ನನ್ನು ಕೇಳಿದರು: "ನಿದ್ದೆಗೆ ಔಷಧಿ ಕೊಡೋಣವೇ, ಇಲ್ಲ ಮಂಡಿಯೊಳಗಿನ ಕ್ಯಾಮೆರಾ ತೋರಿಸುವುದನ್ನು ನೀವೂ ಪರದೆಯಲ್ಲಿ ನೋಡುತ್ತೀರಾ?" ನೋಡುತ್ತೇನೆ ಎಂದೆ. ಹಿಂದಿನ ಸಂಜೆ ನಾನು ಸಹಿ ಹಾಕಿದ್ದ ಒಪ್ಪಿಗೆ ಪತ್ರದಲ್ಲಿ ಎರಡು ಶಸ್ತ್ರಚಿಕಿತ್ಸೆಗಳ ಹೆಸರುಗಳಿದ್ದವು. ಮೊದಲನೆಯದು ರಿಪೇರ್, ಅಂದರೆ ಹರಿದ ಲಿಗಮೆಂಟನ್ನೇ (ಕೀಲಿನಲ್ಲಿ ಮೂಳೆಯನ್ನು ಮೂಳೆಗೆ ಬಿಗಿದಿಡುವ ಪಟ್ಟಿ) ಎಳೆದು ಮೂಳೆಗೆ ಮತ್ತೆ ಹೊಲಿಯುವುದು. ಎರಡನೆಯದು ರಿಕನ್‌ಸ್ಟ್ರಕ್ಷನ್, ಅಂದರೆ ಹರಿದದ್ದನ್ನು ಕೈಬಿಟ್ಟು, ದೇಹದ ಬೇರೊಂದು ಕಡೆಯಿಂದ ತೆಗೆದ ಪಟ್ಟಿಯಿಂದ ಆ ಜಾಗದಲ್ಲಿ ಹೊಸದನ್ನು ಕಟ್ಟುವುದು. ಎರಡರಲ್ಲಿ ಯಾವುದು ಎಂಬುದು ಮಂಡಿಯ ಒಳಗೆ ನೋಡಿದ ಮೇಲೆಯೇ ತೀರ್ಮಾನವಾಗಬೇಕಿತ್ತು. ಎರಡಕ್ಕೂ ಒಪ್ಪಿ ಸಹಿ ಹಾಕಿದ್ದೆನಾದರೂ ನನ್ನ ಮನಸ್ಸು ಮಾತ್ರ ಮೊದಲನೆಯದನ್ನೇ ಬಯಸುತ್ತಿತ್ತು.

ಪೆಟ್ಟಾಗಿ ಆಗಲೇ ಎಂಟು ವಾರ ಕಳೆದಿತ್ತು. ವಾಲಿಬಾಲ್ ಆಡುವಾಗ ನೆಟ್ಟಿನ ಬಳಿ ಜಿಗಿದು ಒಂದೇ ಕಾಲಿನ ಮೇಲೆ ಇಳಿದಿದ್ದೆ; ಮಂಡಿ ಒಳಮುಖವಾಗಿ ತಿರುಚಿ 'ಟಪ್' ಎಂದ ಸದ್ದು ಪಕ್ಕದಲ್ಲಿದ್ದ ಆಟಗಾರನಿಗೂ ಕೇಳಿಸಿತ್ತಂತೆ. ಎರಡು ಗಂಟೆಯೊಳಗೆ ಮಂಡಿ ಊದಿಕೊಂಡಿತು. ಎಂಆರ್‌ಐ ತೆಗೆದಾಗ ಎರಡು ಗಾಯಗಳು ಕಂಡವು: ಮಂಡಿಯ ಒಳಬದಿಯಲ್ಲಿರುವ ಎಂಸಿಎಲ್ ಎಂಬ ಲಿಗಮೆಂಟು ಅರೆಬರೆ ಹರಿದಿತ್ತು, ಕೀಲಿನ ನಟ್ಟನಡುವೆ ತೊಡೆಮೂಳೆಯಿಂದ ಕೆಳಗಾಲಿನ ಮೂಳೆಗೆ ಓರೆಯಾಗಿ ಇಳಿಯುವ ಎಸಿಎಲ್ ಎಂಬ ಲಿಗಮೆಂಟು ಪೂರ್ತಿ ಕಡಿದಿತ್ತು. ಎಂಸಿಎಲ್‌ಗೆ ಶಸ್ತ್ರಚಿಕಿತ್ಸೆ ಬೇಡ, ಆರು ವಾರ ಬ್ರೇಸ್ ಹಾಕಿಕೊಳ್ಳಿ, ಅದು ತಾನಾಗಿಯೇ ಕೂಡಿಕೊಳ್ಳುತ್ತದೆ ಎಂದರು ಡಾಕ್ಟರು. ಅದು ಗಟ್ಟಿಯಾಗಿ, ಊತ ಇಳಿದು, ಕಾಲು ಪೂರ್ತಿ ನೇರವಾಗುವ ತನಕ ಎಸಿಎಲ್ ತಂಟೆಗೆ ಹೋಗುವುದಿಲ್ಲವೆಂದೂ ಹೇಳಿದರು. ಊದಿ ಬಿಗಿದುಕೊಂಡ ಮಂಡಿಗೆ ಕೈ ಹಾಕಿದರೆ ಆಮೇಲೆ ಅದು ಬಗ್ಗದೆ ಹಾಗೆಯೇ ಉಳಿದುಬಿಡುವ ಅಪಾಯವಿದೆಯಂತೆ.

ಒಂದೇ ಮಂಡಿಯಲ್ಲಿ, ಒಂದೇ ಕ್ಷಣದಲ್ಲಿ ಹರಿದ ಎರಡು ಲಿಗಮೆಂಟುಗಳಲ್ಲಿ ಒಂದು ತಾನಾಗಿ ಕೂಡುತ್ತದೆ, ಇನ್ನೊಂದು ಸಾಮಾನ್ಯವಾಗಿ ಕೂಡುವುದಿಲ್ಲ ಎಂಬುದು ನನಗೆ ಬಹಳ ದಿನ ಒಗಟಾಗಿತ್ತು. ಅದನ್ನು ಬಿಡಿಸಿ ಹೇಳಿದವಳು ಫಿಸಿಯೋಥೆರಪಿಸ್ಟ್ ಆಗಿರುವ ನನ್ನ ತಂಗಿ. ಎಂಸಿಎಲ್ ಕೀಲಿನ ಹೊರಪದರದಲ್ಲಿದೆ. ಹರಿದಾಗ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪಿನೊಳಗೆ ಹೊಸ ಕೋಶಗಳು ಸೇರಿ ಎರಡು ತುದಿಗಳ ನಡುವೆ ಸೇತುವೆ ಕಟ್ಟುತ್ತವೆ. ಎಸಿಎಲ್ ಇರುವುದು ಕೀಲುದ್ರವದ ನಡುವೆ. ಆ ದ್ರವ ಹೆಪ್ಪನ್ನು ನಿಲ್ಲಗೊಡದೆ ಕರಗಿಸಿಬಿಡುತ್ತದೆ, ಸೇತುವೆಗೆ ಆಧಾರವೇ ಉಳಿಯುವುದಿಲ್ಲ. ಇಷ್ಟು ಹೇಳಿದವಳು ನನ್ನ ರಿಪೋರ್ಟನ್ನು ಮತ್ತೊಮ್ಮೆ ಓದಿ, "ಅಣ್ಣಾ, ನಿನ್ನದು ನಡುವೆ ಹರಿದಿಲ್ಲ, ತೊಡೆಮೂಳೆಯ ಗೋಡೆಯಿಂದ ಕಿತ್ತುಕೊಂಡು ಬಂದ ಹಾಗಿದೆ. ಹೊಲಿಯೋಕಾಗುತ್ತಾ ಅಂತ ಒಂದು ಮಾತು ಕೇಳು," ಎಂದಳು. ನನ್ನ ಆಸೆ ಹುಟ್ಟಿದ್ದು ಆ ಒಂದು ಮಾತಿನಿಂದ.

ಹೊಲಿಯುವುದು ಹೊಸ ಯೋಚನೆಯೇನೂ ಅಲ್ಲ. 1895ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೇಯೋ ರಾಬ್ಸನ್ ಎಂಬ ಶಸ್ತ್ರವೈದ್ಯರು ಗಣಿ ಕಾರ್ಮಿಕನೊಬ್ಬನ ಮಂಡಿಯನ್ನು ತೆರೆದು ಹರಿದ ಲಿಗಮೆಂಟುಗಳನ್ನು ಹೊಲಿದಿದ್ದರು. ತೊಡೆಯ ಹೊರಬದಿಯ ಪಟ್ಟಿಯೊಂದನ್ನು ಬಳಸಿ ಹೊಸ ಎಸಿಎಲ್ ಕಟ್ಟುವ ಕೆಲಸವನ್ನು ಹೇ ಗ್ರೋವ್ಸ್ ಎಂಬ ಶಸ್ತ್ರವೈದ್ಯರು ಮಾಡಿದ್ದು ಆಮೇಲೆ, 1917ರಲ್ಲಿ. ಬಹುಕಾಲ ನಡೆದದ್ದು ಹೊಲಿಗೆಯೇ. ಅದರ ಮೇಲಿನ ನಂಬಿಕೆ ಕುಸಿಯುವಂತೆ ಮಾಡಿದ್ದು 1976ರಲ್ಲಿ ಫೀಗಿನ್ ಮತ್ತು ಕರ್ಲ್ ಎಂಬ ವೈದ್ಯರು ಪ್ರಕಟಿಸಿದ ವರದಿ: ಹೊಲಿಗೆ ಹಾಕಿಸಿಕೊಂಡ ಅಮೆರಿಕದ ಸೇನಾ ಅಕಾಡೆಮಿಯ ಯುವಕರನ್ನು ಐದು ವರ್ಷಗಳ ಬಳಿಕ ನೋಡಿದಾಗ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮಂಡಿಗೆ ಮತ್ತೆ ಪೆಟ್ಟಾಗಿತ್ತು. ಆಗ ಎಲ್ಲಿ ಹರಿದಿದೆ, ಹೇಗೆ ಹರಿದಿದೆ ಎಂದು ಬೇರ್ಪಡಿಸಿ ನೋಡುವ ರೂಢಿ ಇರಲಿಲ್ಲ. ಮಂಡಿಯನ್ನು ಉದ್ದಕ್ಕೆ ಸೀಳಿ ತೆರೆಯುತ್ತಿದ್ದರು, ಆಮೇಲೆ ವಾರಗಟ್ಟಲೆ ಪ್ಲಾಸ್ಟರಿನಲ್ಲಿ ಇಡುತ್ತಿದ್ದರು. ಹೊಲಿಗೆ ಸೋತದ್ದರಲ್ಲಿ ಹೊಲಿಗೆಯ ತಪ್ಪೆಷ್ಟು, ಆ ಕಾಲದ ತಪ್ಪೆಷ್ಟು ಎಂಬ ಪ್ರಶ್ನೆ ಈಗಿನವರು ಎತ್ತುತ್ತಿರುವುದು ನ್ಯಾಯವೇ ಎಂದು ನನಗೆ ಅನ್ನಿಸಿತು, ನನ್ನ ಆಸೆಗೆ ಅದು ಅನುಕೂಲವಾಗಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಡಾಕ್ಟರ ಬಳಿ ಕೇಳಿದಾಗ ಅವರು ನಗಲಿಲ್ಲ, ತಳ್ಳಿಹಾಕಲೂ ಇಲ್ಲ. ಮೊದಲು ಶಸ್ತ್ರಚಿಕಿತ್ಸೆಯೇ ಬೇಕೇ ಎಂದು ಯೋಚಿಸಿ ಎಂದರು. ವ್ಯಾಯಾಮದಿಂದ ಆರಂಭಿಸಿದ ಎಷ್ಟೋ ಜನರಿಗೆ ಕತ್ತರಿಯ ಅಗತ್ಯವೇ ಬರುವುದಿಲ್ಲವಂತೆ. ಆದರೆ ನನ್ನ ಮಂಡಿ ಸಮತಟ್ಟಾದ ನೆಲದ ಮೇಲೆ ತಿರುಗಿದರೂ ಕುಸಿಯುತ್ತಿತ್ತು. ಆಮೇಲೆ ಅವರು ಹೊಲಿಗೆಯ ಮಾತಿಗೆ ಬಂದರು. ಮೂಳೆಯಿಂದ ಕಿತ್ತುಕೊಂಡು ಬಂದ, ಎಳೆಗಳು ಇನ್ನೂ ಗಟ್ಟಿಯಾಗಿರುವ ಲಿಗಮೆಂಟಿಗೆ ಮಾತ್ರ ಅದು ಹೊಂದುತ್ತದೆ, ಸಾಮಾನ್ಯವಾಗಿ ಮೊದಲ ಕೆಲವು ವಾರಗಳೊಳಗೆ ಮಾಡಿದರೆ ಒಳ್ಳೆಯದು. ಅದರಿಂದ ಲಾಭಗಳಿವೆ: ಬೇರೆಡೆಯಿಂದ ಏನನ್ನೂ ಕತ್ತರಿಸಬೇಕಿಲ್ಲ, ಮೂಳೆಯಲ್ಲಿ ದೊಡ್ಡ ಸುರಂಗ ಕೊರೆಯಬೇಕಿಲ್ಲ, ಕಾಲು ಎಲ್ಲಿದೆ ಹೇಗಿದೆ ಎಂದು ಮೆದುಳಿಗೆ ತಿಳಿಸುವ ನರತುದಿಗಳಿರುವ ಸ್ವಂತ ಲಿಗಮೆಂಟೇ ಉಳಿಯುತ್ತದೆ, ಮುಂದೆ ಹರಿದರೆ ಹೊಸದನ್ನು ಕಟ್ಟುವ ದಾರಿಯೂ ಮುಚ್ಚಿರುವುದಿಲ್ಲ. ಕೊರತೆ ಒಂದೇ, ಆದರೆ ದೊಡ್ಡದು: ಮತ್ತೆ ಹರಿಯುವ ಭಯ ಹೆಚ್ಚು, ಅದರಲ್ಲೂ ಚಿಕ್ಕ ವಯಸ್ಸಿನ ಆಟಗಾರರಲ್ಲಿ.

ಹರಿದ ತುದಿಗಳ ನಡುವೆ ಕೊಲಾಜೆನ್ ಎಂಬ ಪ್ರೋಟೀನಿನ ಸ್ಪಂಜೊಂದನ್ನು ಇಟ್ಟು ರೋಗಿಯದೇ ರಕ್ತದಿಂದ ತೋಯಿಸುವ ವಿಧಾನದ ಬಗ್ಗೆಯೂ ನಾನು ಓದಿದ್ದೆ. ಬಾಸ್ಟನ್ನಿನ ಮಾರ್ಥಾ ಮರ್ರಿ ಅವರ ತಂಡ ರೂಪಿಸಿದ ಇದಕ್ಕೆ ಅಮೆರಿಕದಲ್ಲಿ 2020ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿತು. ಕರಗಿಹೋಗುವ ಹೆಪ್ಪನ್ನು ಸ್ಪಂಜಿನಲ್ಲಿ ಹಿಡಿದಿಡುವುದು, ತಂಗಿ ಹೇಳಿದ ಒಗಟಿಗೆ ನೇರ ಉತ್ತರ! ನೂರು ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಎರಡು ವರ್ಷಗಳೊಳಗೆ ಈ ವಿಧಾನದವರಲ್ಲಿ ನೂರಕ್ಕೆ 14, ಹೊಸದು ಕಟ್ಟಿಸಿಕೊಂಡವರಲ್ಲಿ ನೂರಕ್ಕೆ 6 ಮಂದಿಗೆ ಮತ್ತೆ ಹರಿದಿತ್ತು. ಅಷ್ಟು ಸಣ್ಣ ಗುಂಪಿನಲ್ಲಿ ಆ ವ್ಯತ್ಯಾಸ ಆಕಸ್ಮಿಕವಲ್ಲವೆಂದು ಹೇಳಲು ಬರುವಂತಿರಲಿಲ್ಲ. ಆದರೆ ಅದಕ್ಕೂ ಪೆಟ್ಟಾದ 50 ದಿನಗಳೊಳಗೆ ಎಂಬ ಗಡುವಿತ್ತು. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಬೆರಳು ಮಡಚಿ ಎಣಿಸಿದೆ. 57 ದಿನಗಳಾಗಿದ್ದವು.

ಪರದೆಯ ಮೇಲೆ ಮಂಡಿಯ ಒಳಭಾಗ ನೀರಿನಡಿಯ ಗುಹೆಯ ಹಾಗೆ ಕಂಡಿತು. ಬೆಳ್ಳಗೆ ಹೊಳೆಯುವ ಮೃದ್ವಸ್ಥಿ, ಅಂಚಿನಲ್ಲಿ ಮೆನಿಸ್ಕಸ್ ಎಂಬ ಅರ್ಧಚಂದ್ರದಂಥ ಮೆತ್ತೆ. "ಮೆನಿಸ್ಕಸ್ ಚೆನ್ನಾಗಿದೆ," ಎಂದರು ಡಾಕ್ಟರು. ಕ್ಯಾಮೆರಾ ನಡುವಿಗೆ ಸರಿಯಿತು. ಎಸಿಎಲ್ ಇರಬೇಕಾದ ಜಾಗದಲ್ಲಿ ಗೋಡೆ ಬೋಳಾಗಿತ್ತು. ಕೆಳಗೆ, ಅದರ ಹಿಂಬದಿಯಲ್ಲಿರುವ ಇನ್ನೊಂದು ಲಿಗಮೆಂಟಿನ ಮೈಗೆ ಏನೋ ಒಂದು ಒರಗಿಕೊಂಡು ಅಂಟಿತ್ತು. ಡಾಕ್ಟರು ಕೊಕ್ಕೆಯಂಥ ಸಲಕರಣೆಯಿಂದ ಅದನ್ನು ಮೆಲ್ಲಗೆ ಬಿಡಿಸಿದರು. ನನ್ನ ಎಸಿಎಲ್. ತುದಿ ಹಿಂಜಿದ ಹತ್ತಿಯ ಹಾಗಿರಲಿಲ್ಲ, ಅದೇ ನನ್ನಲ್ಲಿ ಆಸೆ ಹುಟ್ಟಿಸಿತು. ದುಂಡಗೆ, ನುಣ್ಣಗೆ, ಎಂದೋ ವಾಸಿಯಾದ ಗಾಯದ ಹಾಗಿತ್ತು. ಅವರು ಅದನ್ನು ಚಿಮುಟದಲ್ಲಿ ಹಿಡಿದು ಗೋಡೆಯತ್ತ ಎಳೆದರು. ಇನ್ನೊಮ್ಮೆ ಎಳೆದರು. "ನೋಡಿ, ಕುಗ್ಗಿಬಿಟ್ಟಿದೆ. ಗೋಡೆ ಮುಟ್ಟುತ್ತಿಲ್ಲ. ಬಲವಂತವಾಗಿ ಹೊಲಿದರೆ ಮೊದಲ ತಿಂಗಳಲ್ಲೇ ಬಿಟ್ಟುಕೊಳ್ಳುತ್ತದೆ." ಸ್ವಲ್ಪ ಹೊತ್ತು ಸುಮ್ಮನಿದ್ದರು. ನನ್ನ ಉತ್ತರಕ್ಕಾಗಿ ಕಾಯುತ್ತಿದ್ದಾರೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. "ಹೊಸದೇ ಕಟ್ಟಿ ಡಾಕ್ಟರೇ," ಎಂದೆ.

ಪಟ್ಟಿಯನ್ನು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳ ತಂತುಗಳಿಂದ ತೆಗೆಯುವುದು ಸಾಮಾನ್ಯ ರೂಢಿ. ಆದರೆ ಆ ತಂತುಗಳು ಮಂಡಿಯ ಒಳಬದಿಗೆ ಆಸರೆ. ನನ್ನ ಒಳಬದಿ ಈಗಷ್ಟೇ ಕೂಡಿಕೊಂಡಿತ್ತು. ಅದನ್ನು ಇನ್ನಷ್ಟು ಬಡವಾಗಿಸಬಾರದೆಂದು ಮಂಡಿಚಿಪ್ಪಿನ ಕೆಳಗಿನ ಟೆಂಡನ್ ಎಂಬ ಗಟ್ಟಿ ತಂತುವಿನ ನಡುಭಾಗದಿಂದ ಸುಮಾರು 10 ಮಿಲಿಮೀಟರ್ ಅಗಲದ ಪಟ್ಟಿಯನ್ನು, ಎರಡೂ ತುದಿಗಳಲ್ಲಿ ಮೂಳೆಯ ಸಣ್ಣ ತುಂಡುಗಳ ಸಮೇತ ತೆಗೆದರು. ಡ್ರಿಲ್ಲಿನ ಸದ್ದು ಕೇಳಿಸಿತು; ನೋವಿಲ್ಲದಿದ್ದರೂ ಅದರ ಅದುರು ಮೇಜಿನ ಮೂಲಕ ಬೆನ್ನಿಗೆ ಮುಟ್ಟಿತು. ಕೊನೆಗೆ ಪಟ್ಟಿ ಸುರಂಗದಿಂದ ಮೇಲೇರಿ, ಬೋಳು ಗೋಡೆಯನ್ನು ಮುಟ್ಟಿ, ಸ್ಕ್ರೂ ಕುಳಿತಾಗ ಬಿಗಿಯಾಯಿತು. ಕೊಕ್ಕೆಯಿಂದ ಮೀಟಿ ತೋರಿಸಿದರು. ಅದು ಮಿಸುಕಲಿಲ್ಲ.

ಮರುದಿನ ಡಾಕ್ಟರನ್ನು ಕೇಳಿದೆ: ಎರಡನೇ ವಾರದಲ್ಲೇ ಮಾಡಿದ್ದರೆ? "ಬಹುಶಃ ಹೊಲಿಯಬಹುದಿತ್ತು," ಎಂದರು. "ಆದರೆ ಆಗ ನಿಮ್ಮ ಮಂಡಿ ಬಗ್ಗುತ್ತಲೂ ಇರಲಿಲ್ಲ, ಒಳಬದಿ ಕೂಡಿಕೊಂಡೂ ಇರಲಿಲ್ಲ." ಒಂದು ಲಿಗಮೆಂಟು ವಾಸಿಯಾಗಲೆಂದು ಕಾದ ವಾರಗಳಲ್ಲೇ ಇನ್ನೊಂದು ಕುಗ್ಗಿತ್ತು. ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರಿಂದ ನನಗೆ ಬೇಸರವಾಗಲಿಲ್ಲ.

ಕಟ್ಟಿದ ಪಟ್ಟಿ ಮೊದಲು ಜೀವವಿಲ್ಲದ ವಸ್ತು. ಅದರೊಳಗೆ ರಕ್ತನಾಳಗಳು ಹೊಕ್ಕು ಅದು ಲಿಗಮೆಂಟಾಗಿ ಮಾರ್ಪಡುವ ನಡುವೆ, ನಡೆಯಲು ಧೈರ್ಯ ಬರುವ ಹೊತ್ತಿಗೇ ಸರಿಯಾಗಿ, ಅದು ಅತ್ಯಂತ ದುರ್ಬಲವಾಗಿರುತ್ತದೆ. ಒಂಬತ್ತು ತಿಂಗಳು ತುಂಬುವ ಮೊದಲು ಅಂಗಳಕ್ಕೆ ಕಾಲಿಡಬೇಡ ಎಂದು ತಂಗಿ ಕಟ್ಟುನಿಟ್ಟು ಮಾಡಿದಳು. ಹನ್ನೊಂದನೆಯ ತಿಂಗಳಿಗೆ ನೆಟ್ಟಿನ ಬಳಿ ಮತ್ತೆ ಜಿಗಿದೆ, ಎರಡೂ ಕಾಲುಗಳ ಮೇಲೆ ಇಳಿದೆ. ಮಂಡಿ ಕುಸಿಯುವುದಿಲ್ಲ. ಮಂಡಿಯೂರಿ ಕುಳಿತಾಗ ಮಾತ್ರ ಚಿಪ್ಪಿನ ಕೆಳಗೆ, ಪಟ್ಟಿ ತೆಗೆದ ಜಾಗದಲ್ಲಿ, ಇಂದಿಗೂ ನೋಯುತ್ತದೆ. ಹರಿದಿದ್ದ ಜಾಗದಲ್ಲಿ ಯಾವ ನೋವೂ ಇಲ್ಲ.