ಕಟರ್ ಅಗ್ಗದ್ದಿರಲಿ, ಬ್ಲೇಡಿಗೆ ಜಿಪುಣತನ ಬೇಡ

ಪೇಪರ್ ಮಾಡೆಲ್, ಅಂದರೆ ಕಾಗದ, ಕಾರ್ಡ್ ಕೊಯ್ದು ಅಂಟಿಸಿ ಮಾದರಿ ಮಾಡುವ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದೇ ಯಾವ ಕಟರ್ ತಗೊಳ್ಳಲಿ ಎಂದು. ಹಿಡಿ ಅಲುಗಾಡದಿದ್ದರೆ ಸಾಕು, ಯಾವುದಾದರೂ ನಡೆಯುತ್ತದೆ. ದುಡ್ಡು ಹಾಕಬೇಕಾದದ್ದು ಬ್ಲೇಡಿಗೆ. ಕಾರವಾರದ ಮಳೆಗಾಲದಲ್ಲಂತೂ ಕಾರ್ಡ್ ತೇವ ಹೀರಿ ಮೆತ್ತಗಾಗಿರುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ಕೊಯ್ದ ಬ್ಲೇಡೇ ಜುಲೈನಲ್ಲಿ ನಾರನ್ನು ಕೊಯ್ಯದೆ ಎಳೆಯುತ್ತದೆ, ಅಂಚಿನಲ್ಲಿ ಜುಂಗು ಏಳುತ್ತದೆ. ಆಗ ಒತ್ತಿ ಕೊಯ್ಯಬೇಡಿ, ಬ್ಲೇಡ್ ಬದಲಿಸಿ.

160ರಿಂದ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಕಾರ್ಡಿಗೆ ಸರ್ಜಿಕಲ್ ಅಂಗಡಿಯ 3ನೇ ನಂಬರಿನ ಹಿಡಿ, 11ನೇ ನಂಬರಿನ ಬ್ಲೇಡ್ ಒಳ್ಳೆಯ ಜೋಡಿ. ಮೊನೆ ಚೂಪಾದ್ದರಿಂದ ಕಿಟಕಿಯ ಮೂಲೆ ಎಲ್ಲಿ ಮುಗಿಯಿತೆಂದು ಕಣ್ಣಿಗೆ ಕಾಣುತ್ತದೆ. ಮೂಲೆಯಿಂದ ಹೊರಟು ನಡುವಿಗೆ ಬನ್ನಿ, ಎದುರು ಮೂಲೆಯಿಂದಲೂ ಹಾಗೆಯೇ. ಗೆರೆ ದಾಟುವ ಭಯವಿಲ್ಲ. ಒಳಗಿನ ತೂತುಗಳು ಮೊದಲು, ಹೊರಗಿನ ಅಂಚು ಕೊನೆಗೆ. ಬ್ಲೇಡ್ ತೆಗೆಯುವಾಗ ಮಾತ್ರ ಇಕ್ಕಳ ಬೇಕೇ ಬೇಕು, ಬೆರಳು ಬೇಡ.

2 ಮಿ.ಮೀ. ದಪ್ಪದ ಗಟ್ಟಿ ರಟ್ಟಿಗೆ (ಮೌಂಟ್ ಬೋರ್ಡ್) ಇದೇ ಬ್ಲೇಡ್ ಹಾಕಿದರೆ ಅದು ಬಳುಕುತ್ತದೆ. ಮೇಲೆ ಗೆರೆ ಸರಿಯಾಗಿದ್ದರೂ ಕೆಳಗಿನ ಅಂಚು ಓರೆ, ಗೋಡೆಗಳ ಜೋಡಣೆಯಲ್ಲಿ ಸಂದಿ ಬಿಡುತ್ತದೆ. ಅಲ್ಲಿಗೆ 18 ಮಿ.ಮೀ. ಅಗಲದ ಸ್ನ್ಯಾಪ್ ಬ್ಲೇಡ್ (ಮೊಂಡಾದ ತುದಿಯನ್ನು ತುಂಡು ತುಂಡಾಗಿ ಮುರಿದು ತೆಗೆಯುವಂಥದ್ದು), ಎರಡು ತುಂಡಿಗಿಂತ ಹೆಚ್ಚು ಹೊರಗೆ ಚಾಚದಂತೆ. ಮೊದಲ ಗೀರು ಬರೀ ದಾರಿ ಮಾಡಲು, ಹಗುರ. ಆಮೇಲೆ ಐದಾರು ಗೀರು. ಉಕ್ಕಿನ ಸ್ಕೇಲನ್ನು ಉಳಿಸಬೇಕಾದ ಭಾಗದ ಮೇಲೆ ಇಡಿ, ಕೈ ಜಾರಿದರೂ ಹಾಳಾಗುವುದು ರದ್ದಿ. ಪ್ಲಾಸ್ಟಿಕ್ ಸ್ಕೇಲನ್ನು ಬ್ಲೇಡೇ ತಿಂದುಬಿಡುತ್ತದೆ.

ಎಲ್ಲವನ್ನೂ ಕೊಯ್ದೇ ಮಾಡಬೇಕೆಂಬ ಹಟವೂ ಬೇಡ. ಇಲ್ಲಿನ ಕಡಲತೀರದ ಯುದ್ಧನೌಕೆ ಮ್ಯೂಸಿಯಂನಲ್ಲಿರುವ ಐಎನ್‌ಎಸ್ ಚಪಲ್ ನೌಕೆಯನ್ನು 1:100ರಲ್ಲಿ, ಅಂದರೆ ನೂರು ಪಟ್ಟು ಚಿಕ್ಕದಾಗಿ ಮಾಡುವುದಾದರೆ, 3 ಸೆಂ.ಮೀ. ದಪ್ಪದ ಡೆಕ್ಕಿನ ಕಟಕಟೆ ಕಂಬಿ 0.3 ಮಿ.ಮೀ. ಆಗುತ್ತದೆ. ಕಾರ್ಡಿನಲ್ಲಿ ಅಷ್ಟು ಸಣ್ಣ ಪಟ್ಟಿ ಕೊಯ್ದರೆ ಸುರುಳಿಯಾಗಿ ನಾರುನಾರಾಗುತ್ತದೆ. ಫೆವಿಕಾಲ್ ಸವರಿ ಒಣಗಿಸಿದ ಹೊಲಿಗೆ ದಾರವೇ ಮೇಲು. ದುಂಡು ಕಿಂಡಿಗಳಿಗೆ ಚರ್ಮದ ಕೆಲಸದ 2 ಮಿ.ಮೀ. ಪಂಚ್, ಮಡಿಕೆಯ ಗೀರಿಗೆ ಶಾಯಿ ಮುಗಿದ ಬಾಲ್‌ಪೆನ್.

ಇನ್ನು ತುಕ್ಕು. ಕಾರ್ಬನ್ ಸ್ಟೀಲ್ ಬ್ಲೇಡ್ ಹರಿತ, ಆದರೆ ಉಪ್ಪುಗಾಳಿಗೆ ಪೊಟ್ಟಣ ಒಡೆದ ಕೆಲವೇ ದಿನದಲ್ಲಿ ಕಂದು ಚುಕ್ಕೆ ಬರುತ್ತದೆ, ಆ ಚುಕ್ಕೆಯೇ ಬಿಳಿ ಕಾರ್ಡಿನ ಅಂಚಿಗೆ ಬಳಿಯುತ್ತದೆ. ಬೇಕಾದಷ್ಟೇ ಒಡೆಯಿರಿ. ಮಿಕ್ಕಿದ್ದನ್ನು ತೇವ ಹೀರುವ ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿಡಿ. ಹೊಲಿಗೆ ಯಂತ್ರದ ಎಣ್ಣೆ ಸವರಿಟ್ಟರೂ ಆದೀತು, ಕೊಯ್ಯುವ ಮೊದಲು ಒರೆಸದಿದ್ದರೆ ಎಣ್ಣೆ ಕಲೆ ಖಚಿತ. ಸ್ಟೇನ್‌ಲೆಸ್‌ಗೆ ಈ ಕಾಟ ಕಡಿಮೆ, ಹರಿತ ಮಾತ್ರ ಬೇಗ ಹೋಗುತ್ತದೆ.

ಮುರಿದ ತುಂಡುಗಳನ್ನು ಕಸದ ಬುಟ್ಟಿಗೆ ಎಸೆಯಬೇಡಿ, ಪೌರಕಾರ್ಮಿಕರ ಕೈ ಕುಯ್ಯುತ್ತದೆ. ಮುಚ್ಚಳವಿರುವ ತಗಡಿನ ಡಬ್ಬಿಗೆ ಸೀಳು ಮಾಡಿ ಹಾಕುತ್ತಾ ಹೋಗಿ. ತುಂಬಿದಾಗ ಟೇಪ್ ಸುತ್ತಿ, ಮೇಲೆ ‘ಬ್ಲೇಡ್’ ಎಂದು ಬರೆದು ಕೊಡಿ.